ಕುಲಶೇಖರದ ಹಳೆ ಮನೆ ಮಾರಬೇಕು. ಪೇಂಟ್ ಹೊಡೆಸಿ ತೋರಿಸುವುದಾ, ಇದ್ದ ಹಾಗೇ ತೋರಿಸುವುದಾ?

ಬಾವಿಕಟ್ಟೆ | ಜೂನ್ 28, ರಾತ್ರಿ 9:12

ಎಲ್ಲರಿಗೂ ನಮಸ್ಕಾರ. ಮಂಗಳೂರಿನ ಕುಲಶೇಖರದಲ್ಲಿ ಅಪ್ಪ ಕಟ್ಟಿಸಿದ ಮನೆ ಉಂಟು. 11 ಸೆಂಟ್ಸ್ ಜಾಗ, 1984ರ ಕೆಂಪು ಕಲ್ಲಿನ ಮನೆ. ಮುಂದಿನ ಅರ್ಧಕ್ಕೆ ಹೆಂಚು, ಹಿಂದೆ ಟೆರೇಸ್. ಅಪ್ಪ ಹೋಗಿ ಎರಡು ವರ್ಷ ಆಯಿತು. ಅಮ್ಮ ಬೆಂಗಳೂರಿನಲ್ಲಿ ನನ್ನ ಜೊತೆ ಇದ್ದಾರೆ, ಅಣ್ಣ ದೋಹಾದಲ್ಲಿ. ಎಂಟು ತಿಂಗಳಿಂದ ಮನೆಗೆ ಬೀಗ. ಮಾರುವುದು ಅಂತ ಮೂವರೂ ಒಪ್ಪಿ ಆಗಿದೆ, ಆ ಚರ್ಚೆ ಬೇಡ.

ಮೊನ್ನೆ ಬಾಗಿಲು ತೆಗೆದರೆ ಮುಗ್ಗಲು ವಾಸನೆ ಮುಖಕ್ಕೇ ಬಡಿಯಿತು. ಉತ್ತರದ ಕೋಣೆಯ ಗೋಡೆ ಸೊಂಟದ ಎತ್ತರದವರೆಗೆ ಒದ್ದೆ. ಕಂಪೌಂಡ್ ಗೋಡೆಯಲ್ಲಿ ಕಪ್ಪು ಪಾಚಿ. ಬ್ರೋಕರ್ ಹೇಳುವುದು: "ಒಳಗೆಲ್ಲಾ ಬಿಳಿ ಪೇಂಟ್ ಹೊಡೆಸಿ, ಸಾಮಾನು ಖಾಲಿ ಮಾಡಿ, ಒಳ್ಳೆ ಲೈಟ್ ಹಾಕಿ, ಐದು ಲಕ್ಷ ಜಾಸ್ತಿ ತೆಗೆಸಿ ಕೊಡುತ್ತೇನೆ." ಪೇಂಟರ್ 1.6 ಲಕ್ಷ ಕೇಳುತ್ತಿದ್ದಾನೆ. ಅಣ್ಣ ಫೋನಿನಲ್ಲಿ "ಒಂದು ರೂಪಾಯಿ ಹಾಕಬೇಡ, ತಗೊಂಡವ ಹೇಗೂ ಕೆಡವುತ್ತಾನೆ" ಅನ್ನುತ್ತಾನೆ. ಯಾರ ಮಾತು ಕೇಳುವುದು? ಮನೆ ಮಾರಿದ ಅನುಭವ ಇದ್ದವರು ದಯವಿಟ್ಟು ಹೇಳಿ.

ಪಂಪ್‌ವೆಲ್ ಟ್ರಾಫಿಕ್ | 9:20

ಜೂನ್ ಕೊನೆಯಲ್ಲಿ ಮಂಗಳೂರಲ್ಲಿ ಪೇಂಟ್ ಹೊಡೆಯುತ್ತೇನೆ ಅಂದ ಪೇಂಟರನ್ನು ಮೊದಲು ಬದಲಾಯಿಸಿ ಮಾರಾಯ್ರೆ.

ಮುರಕಲ್ಲು | 9:41

ಮೇಲಿನವರು ತಮಾಷೆ ಮಾಡಿದರೂ ಮಾತು ಸರಿ. ನಾನು ಮೂವತ್ತು ವರ್ಷದಿಂದ ಕಟ್ಟಡದ ಕೆಲಸದಲ್ಲಿ ಇದ್ದೇನೆ. ಕೆಂಪು ಕಲ್ಲು ನೀರು ಕುಡಿಯುವ ಕಲ್ಲು. ಈಗ ಗೋಡೆ ಹೊಟ್ಟೆ ತುಂಬಾ ಕುಡಿದು ನಿಂತಿದೆ. ಅದರ ಮೇಲೆ ಪುಟ್ಟಿ, ಪ್ರೈಮರ್, ಪೇಂಟ್ ಹಾಕಿದರೆ ಒಳಗಿನ ನೀರಿಗೆ ಹೊರಗೆ ಬರಲು ದಾರಿ ಇಲ್ಲ. ಒಂದೇ ತಿಂಗಳಲ್ಲಿ ಹಪ್ಪಳದ ಹಾಗೆ ಉಬ್ಬುತ್ತದೆ, ಉಗುರು ತಾಗಿಸಿದರೆ ಉದುರುತ್ತದೆ. ವಾಟರ್‌ಪ್ರೂಫ್ ಪೇಂಟ್ ಒಳಗಿನಿಂದ ಹೊಡೆದರೂ ಅದೇ ಕತೆ.

ಮೊದಲು ನೀರು ಎಲ್ಲಿಂದ ಅಂತ ನೋಡಿ. ಜೋರು ಮಳೆ ಬರುವಾಗ ಕೊಡೆ ಹಿಡಿದುಕೊಂಡು ಉತ್ತರದ ಗೋಡೆಯ ಹೊರಗೆ ಹತ್ತು ನಿಮಿಷ ನಿಲ್ಲಿ. ಹೆಂಚಿನ ತುದಿಯಲ್ಲಿ ಮಳೆನೀರು ಹರಿದು ಹೋಗುವ ದಂಬೆ ತೂತಾಗಿದೆಯಾ? ಮಾಡಿನಿಂದ ಬಿದ್ದ ನೀರು ಗೋಡೆಯ ಬುಡಕ್ಕೆ ಚಿಮ್ಮುತ್ತದಾ? ಹೊರಗಿನ ಮಣ್ಣು ಒಳಗಿನ ನೆಲಕ್ಕಿಂತ ಎತ್ತರ ಆಗಿದೆಯಾ? ಹಳೆ ಮನೆಗಳಲ್ಲಿ ಇದು ತುಂಬಾ ಸಾಮಾನ್ಯ. ಪ್ರತಿ ವರ್ಷ ಕಸ, ತರಗೆಲೆ, ಮಣ್ಣು ಬಿದ್ದು ಬಿದ್ದು ಅಂಗಳ ಏರುತ್ತದೆ, ಯಾರ ಗಮನಕ್ಕೂ ಬರುವುದಿಲ್ಲ. ಇಬ್ಬರು ಆಳು ಒಂದು ದಿನ ಮಣ್ಣು ತೆಗೆದು ಚರಂಡಿ ಬಿಡಿಸಿದರೆ ಅರ್ಧ ತೇವ ಹೋಗುತ್ತದೆ. ಪೇಂಟ್ ಅಕ್ಟೋಬರ್ ನಂತರ, ಗೋಡೆ ಒಣಗಿದ ಮೇಲೆ.

ಗೋಳಿಬಜೆ ಪ್ಲೇಟು | 10:03

ನಾನು ಉಡುಪಿಯ ಕುಂಜಿಬೆಟ್ಟಿನಲ್ಲಿ ಫ್ಲ್ಯಾಟ್ ಮಾರಿದ್ದೆ. ನಾಲ್ಕು ತಿಂಗಳು ಒಬ್ಬರೂ ಎರಡನೇ ಸಲ ಬರಲಿಲ್ಲ. ಕೊನೆಗೆ ನನ್ನ ಹೆಂಡತಿಯ ತಂಗಿ ಬಂದವಳೇ ಫೋಟೋ ನೋಡಿ ನಕ್ಕಳು. ಜಾಹೀರಾತಿಗೆ ಹಾಕಿದ ಹಾಲಿನ ಫೋಟೋದಲ್ಲಿ ಮಳೆಗಾಲಕ್ಕೆ ಕಟ್ಟಿದ ಹಗ್ಗ, ಹಗ್ಗದಲ್ಲಿ ನನ್ನ ನಾಲ್ಕು ಬನಿಯನ್ನು! ನಮಗೆ ದಿನಾ ನೋಡಿ ಕಣ್ಣಿಗೇ ಬೀಳುತ್ತಿರಲಿಲ್ಲ.

ಹಗ್ಗ ಬಿಚ್ಚಿದೆವು. ಫ್ರಿಜ್ಜಿನ ಮೇಲಿನ ಡಬ್ಬಗಳು, ಬಾಗಿಲ ಹಿಂದಿನ ಪ್ಲಾಸ್ಟಿಕ್ ಚೀಲಗಳ ಚೀಲ, ಬಾಲ್ಕನಿಯ ಒಡೆದ ಕುರ್ಚಿ ಎಲ್ಲಾ ಹೊರಗೆ. ಬೆಳಿಗ್ಗೆ ಹತ್ತು ಗಂಟೆಗೆ ಕಿಟಕಿ ಪರದೆ ಸರಿಸಿ, ಮೊಬೈಲ್ ಅಡ್ಡ ಹಿಡಿದು ಹೊಸದಾಗಿ ಫೋಟೋ ತೆಗೆದೆವು. ಖರ್ಚು ಆದದ್ದು ಗುಜರಿಯವನ ರಿಕ್ಷಾಕ್ಕೆ ಮಾತ್ರ. ಮೂರು ವಾರದಲ್ಲಿ ಮಾತುಕತೆ ಕುದುರಿತು.

ಪಂಪ್‌ವೆಲ್ ಟ್ರಾಫಿಕ್ | 10:05

ಚೀಲಗಳ ಚೀಲ ಇಲ್ಲದ್ದು ಮನೆಯೇ ಅಲ್ಲ.

ಕಡಲಾಚೆ | 10:50

ನಾನು ನ್ಯೂಜೆರ್ಸಿಯಲ್ಲಿ ಇದ್ದೇನೆ, ಊರು ಸುರತ್ಕಲ್. ಇಲ್ಲಿ ಇದಕ್ಕೆ 'ಸ್ಟೇಜಿಂಗ್' ಅಂತ ಹೆಸರು, ಅದೇ ಒಂದು ಉದ್ಯೋಗ. 1972ರಲ್ಲಿ ಇದನ್ನು ಶುರು ಮಾಡಿದ್ದು ತಾನೇ ಅಂತ ಬಾರ್ಬ್ ಶ್ವಾರ್ಜ್ ಎಂಬವರು ಹೇಳಿಕೊಳ್ಳುತ್ತಾರೆ. ಸಿಯಾಟಲ್ ಕಡೆ ಮನೆ ಮಾರಿಸುತ್ತಿದ್ದವರು, ಅದಕ್ಕೆ ಮೊದಲು ರಂಗಭೂಮಿಯ ನಂಟು ಇದ್ದವರು. ಹೆಸರು ಅಲ್ಲಿಂದಲೇ ಬಂದದ್ದು. ಸೋಫಾ, ಮಂಚ, ಗೋಡೆಯ ಚಿತ್ರ, ಬಟ್ಟಲಲ್ಲಿ ಹಸಿರು ಸೇಬು, ಎಲ್ಲವೂ ಬಾಡಿಗೆಗೆ ಬರುತ್ತದೆ. ಮನೆಯವರ ಫೋಟೋ, ದೇವರ ಫೋಟೋ ಎಲ್ಲಾ ತೆಗೆಸುತ್ತಾರೆ. ಬಂದವರು ಆ ಮನೆಯಲ್ಲಿ ತಮ್ಮನ್ನೇ ಕಾಣಬೇಕು ಅನ್ನುವುದು ಲೆಕ್ಕ. ನಿಮ್ಮ ಬ್ರೋಕರ್ ಹೇಳಿದ್ದು ತಪ್ಪಲ್ಲ, ಅವರು ಖಾಲಿ ಮಾಡಿ ಅಂದದ್ದು ಮಾತ್ರ ತಪ್ಪು. ಖಾಲಿ ಕೋಣೆ ಫೋಟೋದಲ್ಲಿ ಚಿಕ್ಕದಾಗಿ ಕಾಣುತ್ತದೆ. ಒಂದು ಮಂಚ, ಒಂದು ಮೇಜು ಇರಲಿ.

ಸೆಂಟ್ಸ್ ಲೆಕ್ಕ | 11:15

ನಾನೂ ಬ್ರೋಕರೇ, ಬೈಯಬೇಡಿ. ನ್ಯೂಜೆರ್ಸಿ ಲೆಕ್ಕ ಇಲ್ಲಿ ನಡೆಯುವುದಿಲ್ಲ ಸರ್. ಕುಲಶೇಖರದಲ್ಲಿ ಇಂಡಿಪೆಂಡೆಂಟ್ ಮನೆಗೆ ಬರುವವ ಮೊದಲು ಕೇಳುವುದು ಎಷ್ಟು ಸೆಂಟ್ಸ್, ರಸ್ತೆ ಎಷ್ಟು ಅಡಿ, ಕಾರು ಗೇಟಿನವರೆಗೆ ಬರುತ್ತದಾ. ಆಮೇಲೆ ಬಾವಿ. ಮನೆಯ ಒಳಗೆ ಕಾಲಿಡುವುದು ಐದನೆಯದು. 1984ರ ಮನೆಗೆ ಪ್ರತ್ಯೇಕ ಬೆಲೆ ಯಾರೂ ಕಟ್ಟುವುದಿಲ್ಲ. ಸೇಬು ಇಟ್ಟರೆ ಸೇಬು ತಿಂದು ಹೋಗುತ್ತಾರೆ ಅಷ್ಟೇ.

ಹುಡುಕಿ ಸುಸ್ತು | 11:32

ತಗೊಳ್ಳುವವರ ಕಡೆಯಿಂದ ನಾನು ಹೇಳುತ್ತೇನೆ. ಒಂದು ವರ್ಷದಿಂದ ನಾನು, ನನ್ನ ಗಂಡ ಮನೆ ನೋಡುತ್ತಿದ್ದೇವೆ. ಬೋಂದೆಲ್, ಕಾವೂರು, ಪದವಿನಂಗಡಿ, ಶಕ್ತಿನಗರ ಎಲ್ಲಾ ಸುತ್ತಿದ್ದೇವೆ. ನಾವು ಕೆಡವುವವರಲ್ಲ, ವಾಸಕ್ಕೇ ಬೇಕು. ಹೊಸ ಪೇಂಟಿನ ವಾಸನೆ ಬಂದ ಕೂಡಲೇ ನಮಗೆ ಅನುಮಾನ. ಏನು ಮುಚ್ಚಿದ್ದಾರೆ? ಒಂದು ಕಡೆ ಕಪಾಟು ಗೋಡೆಗೆ ಒತ್ತಿ ಇಟ್ಟಿದ್ದರು. ನನ್ನ ಮಾವ ಅದರ ಹಿಂದೆ ಕೈ ಹಾಕಿ ನೋಡಿದರು, ಬೆರಳೆಲ್ಲಾ ಬೂಷ್ಟು. ಅಲ್ಲಿಂದ ನೇರ ಗೇಟಿಗೆ ನಡೆದರು, ಚಹಾ ಕೂಡ ಕುಡಿಯಲಿಲ್ಲ.

ಹಾಗಾಗಿ ನಾವು ಈಗ ಬೇಕಂತಲೇ ಮಳೆಗಾಲದಲ್ಲಿ ನೋಡಲು ಹೋಗುತ್ತೇವೆ. ಡಿಸೆಂಬರಿನಲ್ಲಿ ಎಲ್ಲಾ ಮನೆಯೂ ಚಂದ.

ಗೋಳಿಬಜೆ ಪ್ಲೇಟು | 11:38

ನಿಮ್ಮ ಮಾವನ ಹಾಗಿನವರು ನನ್ನ ಫ್ಲ್ಯಾಟಿಗೆ ಬರಲಿಲ್ಲವಲ್ಲ, ಪುಣ್ಯ.

ಕಪ್ಪು ಕೋಟು | ಜೂನ್ 29, ಬೆಳಿಗ್ಗೆ 7:55

ಮುಚ್ಚುವ ವಿಷಯ ಬಂತಲ್ಲ, ಕಾನೂನು ಏನು ಹೇಳುತ್ತದೆ ಅಂತ ತಿಳಿದಿರಲಿ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 55ನೇ ಸೆಕ್ಷನ್. ಮಾರುವವರಿಗೆ ಗೊತ್ತಿದ್ದು, ತಗೊಳ್ಳುವವರು ಸಾಮಾನ್ಯ ಎಚ್ಚರದಿಂದ ನೋಡಿದರೂ ಕಾಣದ ದೊಡ್ಡ ದೋಷ ಇದ್ದರೆ ಅದನ್ನು ಹೇಳಲೇಬೇಕು. ಕಾಣುವ ತೇವ ಬೇರೆ, ಪುಟ್ಟಿ ಹಾಕಿ ಕಾಣದ ಹಾಗೆ ಮಾಡಿದ ತೇವ ಬೇರೆ.

ಪೇಂಟಿಗಿಂತ ಮೊದಲು ಕಾಗದ. ಖಾತೆ ಇನ್ನೂ ತಂದೆಯವರ ಹೆಸರಿನಲ್ಲೇ ಇದ್ದರೆ ವಾರಸುದಾರರ ಹೆಸರಿಗೆ ಮಾಡಿಸಿ. 2024ರ ಅಕ್ಟೋಬರಿನಿಂದ ಪಾಲಿಕೆ ವ್ಯಾಪ್ತಿಯಲ್ಲಿ ಇ-ಖಾತಾ ಇಲ್ಲದೆ ರಿಜಿಸ್ಟ್ರೇಷನ್ ಆಗುವುದಿಲ್ಲ. ಅಣ್ಣ ಬರಲು ಆಗದಿದ್ದರೆ ದೋಹಾದ ಭಾರತೀಯ ರಾಯಭಾರ ಕಚೇರಿಯಲ್ಲಿ ಪವರ್ ಆಫ್ ಅಟಾರ್ನಿಗೆ ಸಹಿ ಮಾಡಿ ಕಳಿಸಲಿ. ಅದು ಇಲ್ಲಿಗೆ ತಲುಪಿದ ಮೂರು ತಿಂಗಳ ಒಳಗೆ ಇಲ್ಲಿನ ಸ್ಟ್ಯಾಂಪ್ ಡ್ಯೂಟಿ ಕಟ್ಟಬೇಕು, ತುಂಬಾ ಜನ ಇದನ್ನು ಮರೆಯುತ್ತಾರೆ. ಇನ್ನೊಂದು, ಅವರು ಎನ್‌ಆರ್‌ಐ ಆದರೆ ಅವರ ಪಾಲಿಗೆ ಟಿಡಿಎಸ್ (ತಗೊಳ್ಳುವವರು ಹಣ ಕೊಡುವಾಗಲೇ ಹಿಡಿದುಕೊಳ್ಳುವ ತೆರಿಗೆ) ಒಂದು ಪರ್ಸೆಂಟ್ ಅಲ್ಲ, ಅದಕ್ಕಿಂತ ಎಷ್ಟೋ ಜಾಸ್ತಿ. ಕಡಿಮೆ ದರದ ಸರ್ಟಿಫಿಕೇಟಿಗೆ ಇನ್‌ಕಮ್ ಟ್ಯಾಕ್ಸ್ ಇಲಾಖೆಗೆ ಮೊದಲೇ ಅರ್ಜಿ ಹಾಕಿಸಿ. ಕೊನೇ ವಾರದಲ್ಲಿ ಇದು ಗೊತ್ತಾಗಿ ಮುರಿದುಬಿದ್ದ ವ್ಯವಹಾರ ನಾನೇ ನೋಡಿದ್ದೇನೆ.

ಬಾವಿಕಟ್ಟೆ | 8:20

ಅಯ್ಯೋ, ಖಾತೆ ಅಪ್ಪನ ಹೆಸರಲ್ಲೇ ಉಂಟು. ನಾನು ಪರದೆಯ ಬಣ್ಣ ಯೋಚನೆ ಮಾಡುತ್ತಾ ಕೂತಿದ್ದೆ.

ಅಂಬಲಪಾಡಿ ಅಜ್ಜಿ | 8:47

ಮಗಾ, ವಾಸನೆಗೆ ನಾನು ಹೇಳುತ್ತೇನೆ ಕೇಳು. ಮುಚ್ಚಿದ ಮನೆಯಲ್ಲಿ ಹತ್ತಿ ಹಾಸಿಗೆ, ದಿಂಬು ಇದ್ದರೆ ಮೊದಲು ಅವನ್ನು ತೆಗೆಸು. ಅರ್ಧ ಮುಗ್ಗಲು ಅದರಲ್ಲೇ ಇರುತ್ತದೆ. ಕಪಾಟಿನ ಬಾಗಿಲೆಲ್ಲಾ ತೆರೆದಿಡು. ಮಳೆ ಬಿಟ್ಟ ಹೊತ್ತಿನಲ್ಲಿ ಎದುರುಬದುರು ಕಿಟಕಿ ತೆಗೆದು ಫ್ಯಾನ್ ತಿರುಗಿಸು. ನುಸಿಗುಳಿಗೆ ಮಾತ್ರ ಹಾಕಬೇಡ, ಅದರ ವಾಸನೆ ಬಂದರೆ 'ಇದು ಮುಚ್ಚಿದ ಮನೆ' ಅಂತ ಡಂಗುರ ಹೊಡೆದ ಹಾಗೆ.

ಬಚ್ಚಲಲ್ಲಿ ಚರಂಡಿ ವಾಸನೆ ಇದ್ದರೆ ಹೆದರಬೇಡ. ನೀರು ಹೋಗುವ ಜಾಲರಿಯ ಕೆಳಗೆ ಬಾಗಿದ ಜಾಗದಲ್ಲಿ ಯಾವಾಗಲೂ ಸ್ವಲ್ಪ ನೀರು ನಿಂತಿರಬೇಕು, ಅದು ಗಾಳಿಯನ್ನು ತಡೆಯುತ್ತದೆ. ಮನೆ ಮುಚ್ಚಿದರೆ ಅದು ಒಣಗುತ್ತದೆ. ವಾರಕ್ಕೊಮ್ಮೆ ಪ್ರತಿ ಬಚ್ಚಲಿಗೂ ಒಂದು ಚೆಂಬು ನೀರು ಹೊಯ್ಯುವಂತೆ ಪಕ್ಕದ ಮನೆಯವರಿಗೆ ಹೇಳು. ನನ್ನ ಮಗ ಸಾವಿರಾರು ರೂಪಾಯಿ ಕೊಟ್ಟು ಪ್ಲಂಬರನ್ನು ಕರೆಸಿದ್ದ. ಅವನು ಬಂದು ಮಾಡಿದ್ದು ಒಂದು ಚೆಂಬು ನೀರು ಹೊಯ್ದದ್ದೇ.

ಮುರಕಲ್ಲು | 9:02

ಅಜ್ಜಿ ಹೇಳಿದ್ದು ನೂರಕ್ಕೆ ನೂರು ಸರಿ.

ಪಂಪ್‌ವೆಲ್ ಟ್ರಾಫಿಕ್ | 9:10

ಮನೆ ತೋರಿಸುವ ದಿನ ಪಕ್ಕದ ಮನೆಯಲ್ಲಿ ಒಣಮೀನು ಹುರಿಯದಂತೆ ಕೂಡ ಹೇಳಿ.

ಸೆಂಟ್ಸ್ ಲೆಕ್ಕ | 9:14

ತಗೊಳ್ಳುವವರು ಯಾರು ಅನ್ನುವುದರ ಮೇಲೆ ಹೋಗುತ್ತದೆ. ಒಣಮೀನಿನ ಪರಿಮಳಕ್ಕೇ ಅಡ್ವಾನ್ಸ್ ಕೊಡುವವರೂ ಇದ್ದಾರೆ 😄 ಅಂದಹಾಗೆ ಅಕ್ಕಾ, ಅವಸರ ಬೇಡ. ಜುಲೈ ಮಧ್ಯದಿಂದ ತುಳುವರ ಆಟಿ ತಿಂಗಳು. ಆಟಿಯಲ್ಲಿ ನಮ್ಮ ಕಡೆ ಯಾರೂ ಟೋಕನ್ ಅಡ್ವಾನ್ಸ್ ಕೊಡುವುದಿಲ್ಲ. ನವರಾತ್ರಿವರೆಗೆ ಸಮಯ ಉಂಟು.

ಹೆಂಚಿನ ಮಾಡು | 11:26

ನೆಲ ಯಾವುದು? ಕಾವಿ ನೆಲವಾ?

ಬಾವಿಕಟ್ಟೆ | 11:40

ಹೌದು, ರೆಡ್ ಆಕ್ಸೈಡ್. ಅಲ್ಲಲ್ಲಿ ಬಿರುಕು ಉಂಟು. ಅದರ ಮೇಲೆ ಟೈಲ್ಸ್ ಹಾಕಿಸಲು ಬ್ರೋಕರ್ ಹೇಳುತ್ತಿದ್ದಾರೆ.

ಹೆಂಚಿನ ಮಾಡು | 12:15

ಬೇಡವೇ ಬೇಡ! ನಾವು ಮಾಡಿದ ತಪ್ಪು ನೀವು ಮಾಡಬೇಡಿ. ಬ್ರಹ್ಮಾವರದ ಮನೆ ಮಾರುವ ಮೊದಲು ಚಾವಡಿಗೆ ಹೊಳೆಯುವ ವಿಟ್ರಿಫೈಡ್ ಟೈಲ್ಸ್ ಹಾಕಿಸಿದೆವು. ತಗೊಂಡವರು ಬೆಂಗಳೂರಿನ ಗಂಡ-ಹೆಂಡತಿ, ಇಬ್ಬರಿಗೂ ಮನೆಯಿಂದಲೇ ಕೆಲಸ. ಒಳಕೋಣೆಯಲ್ಲಿ ಉಳಿದಿದ್ದ ಕೆಂಪು ನೆಲದ ಮೇಲೆ ಬರಿಗಾಲಲ್ಲಿ ನಿಂತು "ಚಾವಡಿಯಲ್ಲೂ ಇದೇ ಇತ್ತಾ? ಯಾಕೆ ಮುಚ್ಚಿದ್ರಿ?" ಅಂತ ಕೇಳಿದರು. ಏನು ಹೇಳುವುದು? ನಮ್ಮ ಅಮ್ಮ ನಲವತ್ತು ವರ್ಷ ತಿಕ್ಕಿ ತಿಕ್ಕಿ ಕನ್ನಡಿ ಮಾಡಿದ್ದ ನೆಲ ಅದು.

ಸಾಬೂನು ನೀರಲ್ಲಿ ತೊಳೆದು, ಪೂರ್ತಿ ಒಣಗಿಸಿ, ತೆಂಗಿನೆಣ್ಣೆ ಎರಡೇ ಹನಿ ಬಟ್ಟೆಗೆ ಹಾಕಿ ತಿಕ್ಕಿ ನೋಡಿ. ಜಾಸ್ತಿ ಹಾಕಿದರೆ ನೋಡಲು ಬಂದವರು ಜಾರಿ ಬೀಳುತ್ತಾರೆ. ಹೆಂಚಿಗೂ ಪೇಂಟ್ ಬೇಡ. ಒಡೆದದ್ದನ್ನು ಬದಲಾಯಿಸಿ, ಪಾಚಿ ಉಜ್ಜಿಸಿ, ಸಾಕು. ಹಿಂಬದಿಯಲ್ಲಿ ಯಾವ ಕಾರ್ಖಾನೆಯ ಮುದ್ರೆ ಉಂಟು ಅಂತ ನೋಡಿ. 1865ರಲ್ಲಿ ಬಾಸೆಲ್ ಮಿಷನ್ನಿನವರು ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಹಾಕಿದ ಮೇಲೆ ಇಲ್ಲಿ ಹೊಳೆ ಬದಿಯಲ್ಲಿ ಎಷ್ಟೆಷ್ಟು ಕಾರ್ಖಾನೆ ಬಂದವು! ಈಗ ಹಳೆ ಹೆಂಚು ಹುಡುಕಿಕೊಂಡು ಬರುವವರು ಇದ್ದಾರೆ.

ಮುರಕಲ್ಲು | 12:31

ಕಂಪೌಂಡಿನ ಪಾಚಿಗೆ ಪ್ರೆಷರ್ ವಾಷರ್ ಹಿಡಿಸಬೇಡಿ. ಸಾರಣೆ ಇಲ್ಲದ ಕೆಂಪು ಕಲ್ಲಾದರೆ ಪುಡಿ ಪುಡಿ ಎದ್ದು ಬರುತ್ತದೆ. ಬ್ಲೀಚಿಂಗ್ ಪೌಡರ್ ಕಲಸಿದ ನೀರು, ತೆಂಗಿನ ನಾರಿನ ಬ್ರಷ್. ಬಾವಿಗೆ ಆ ನೀರು ಇಳಿಯದ ಹಾಗೆ ನೋಡಿಕೊಳ್ಳಿ. ಗೇಟಿನ ಮೆಟ್ಟಿಲು ಮೊದಲು ಉಜ್ಜಿಸಿ, ನೋಡಲು ಬಂದವ ಅಲ್ಲೇ ಜಾರಿದರೆ ವ್ಯಾಪಾರ ಅಲ್ಲಿಗೇ ಮುಗಿಯಿತು.

ದೇರೇಬೈಲು ದಾರಿ | ಸಂಜೆ 6:18

ಯಾರೂ ಕೇಳದ ಒಂದು ಪ್ರಶ್ನೆ. ಜಾಗದಲ್ಲಿ ನಾಗ ಉಂಟಾ? ದೈವದ ಕಲ್ಲು?

ನಮ್ಮ ಚಿಕ್ಕಪ್ಪನ ಮನೆ ಮಾರುವಾಗ ಹೀಗೇ ಆಯಿತು. ಹಿಂದಿನ ಮೂಲೆಯಲ್ಲಿ ಒಂದು ಕಲ್ಲು, ವರ್ಷಕ್ಕೊಮ್ಮೆ ಹೂ ನೀರು ಇಡುತ್ತಿದ್ದರು. ಅಂಗಳ ಕ್ಲೀನ್ ಮಾಡಿಸುವಾಗ ಅದರ ಸುತ್ತ ಕ್ರೋಟನ್ ಕುಂಡ ಜೋಡಿಸಿದರು. ಚಂದ ಕಾಣಲಿ ಅಂತಲೇ ಅನ್ನೋಣ. ಬಂದವರಿಗೆ ಮನೆ ಹಿಡಿಸಿತು, ಅಡ್ವಾನ್ಸಿನ ದಿನವೂ ಗೊತ್ತಾಯಿತು. ಹೋಗುವಾಗ ಗೇಟಿನ ಹೊರಗೆ ಪಕ್ಕದ ಮನೆಯವರು ಸಿಕ್ಕಿ "ಓ, ಆ ಕಲ್ಲಿಗೆ ಇನ್ನು ನೀವೇ ಇಡಬೇಕಲ್ಲ" ಅಂದರಂತೆ. ಸಹಜವಾಗಿ ಹೇಳಿದ್ದು, ಹೊಟ್ಟೆಕಿಚ್ಚಿನಿಂದ ಅಲ್ಲ. ಮರುದಿನ ಫೋನ್ ಬಂತು, ಬೇಡ ಅಂತ. ಮೊದಲೇ ಹೇಳಿದ್ದರೆ ಒಪ್ಪುತ್ತಿದ್ದರೋ ಏನೋ. ಆಮೇಲೆ ತಂತ್ರಿಗಳಲ್ಲಿ ಕೇಳಿ ಅದಕ್ಕೆ ಬೇಕಾದ ಕ್ರಮ ಮಾಡಿಸಿ, ಮುಂದಿನವರಿಗೆ ಮೊದಲ ಮಾತಲ್ಲೇ ಹೇಳಿ ಮಾರಿದರು.

ನಮ್ಮ ಊರಲ್ಲಿ ಮನೆ ತೋರಿಸುವುದು ಒಳಗಲ್ಲ ಮಾರಾಯ್ರೆ, ಪಕ್ಕದ ಮನೆಯ ಗೇಟಿನ ಹತ್ತಿರ. ನೆರೆಯವರನ್ನು ಮೊದಲು ಸರಿ ಇಟ್ಟುಕೊಳ್ಳಿ.

ಕಡಲಾಚೆ | 6:40

ಇದು ಮಾತ್ರ ನ್ಯೂಜೆರ್ಸಿಯಲ್ಲಿ ಇಲ್ಲ, ಒಪ್ಪಿದೆ.

ಬಾವಿಕಟ್ಟೆ | 7:05

ನಾಗ, ದೈವ ಎರಡೂ ಇಲ್ಲ. ತುಳಸಿಕಟ್ಟೆ ಮಾತ್ರ. ಒಂದು ಹಲಸಿನ ಮರ ಉಂಟು, ಒಂದು ಕೊಂಬೆ ಹೆಂಚಿನ ಮೇಲೆ ಬಾಗಿದೆ.

ಅಂಬಲಪಾಡಿ ಅಜ್ಜಿ | 7:11

ಗಟ್ಟಿ ತೊಳೆಯ ಬಕ್ಕೆಯಾ, ಮೆತ್ತಗಿನ ತುಳುವನಾ?

ಗೋಳಿಬಜೆ ಪ್ಲೇಟು | 7:12

ಬಕ್ಕೆ ಆದರೆ ಮನೆ ಜೊತೆ ಮರಕ್ಕೂ ಬೆಲೆ ಹೇಳಿ.

ಹುಡುಕಿ ಸುಸ್ತು | 7:30

ಹಲಸಿನ ಚರ್ಚೆ ನೂರು ರಿಪ್ಲೈ ಆಗುವ ಮೊದಲು ಒಂದು ಮಾತು. ನಾವು ಪ್ರತಿ ಮನೆಯಲ್ಲೂ ಕೇಳುವುದು "ಮೇ ತಿಂಗಳಲ್ಲಿ ಬಾವಿಯಲ್ಲಿ ನೀರು ಇರುತ್ತದಾ?" ಅಂತ. ಎಲ್ಲರದೂ ಒಂದೇ ಉತ್ತರ, "ನಮ್ಮ ಬಾವಿ ಒಂದು ದಿನವೂ ಬತ್ತಿಲ್ಲ". 2019ರ ಬೇಸಿಗೆಯಲ್ಲಿ ತುಂಬೆ ಡ್ಯಾಮಿನಲ್ಲಿ ನೀರಿಲ್ಲದೆ ಪಾಲಿಕೆ ನೀರು ಪಾಳಿಯ ಮೇಲೆ ಬಂದದ್ದು ಮರೆತಿಲ್ಲ. ಆಗ ಇಡೀ ಬೀದಿ ಯಾರ ಬಾವಿಗೆ ಕೊಡಪಾನ ತಂದಿತ್ತು ಅಂತ ನೆರೆಯವರನ್ನು ಕೇಳಿದರೆ ಸತ್ಯ ಗೊತ್ತಾಗುತ್ತದೆ.

ಬಾವಿಕಟ್ಟೆ | ಆಗಸ್ಟ್ 3, ಮಧ್ಯಾಹ್ನ 2:10

ಸಣ್ಣ ಅಪ್‌ಡೇಟ್. ಖಾತೆಗೆ ಅರ್ಜಿ ಹಾಕಿ ಆಯಿತು, ಓಡಾಟ ನಡೆಯುತ್ತಿದೆ. ಉತ್ತರದ ಗೋಡೆಗೆ ಮುರಕಲ್ಲು ಸರ್ ಹೇಳಿದ್ದೇ ಕಾರಣ. ಹೊರಗಿನ ಮಣ್ಣು ಒಂದು ಅಡಿ ಎತ್ತರ ಆಗಿತ್ತು. ತೆಗೆಯುವಾಗ ಅದರೊಳಗೆ ನನ್ನ ಶಾಲೆಯ ಸ್ಟೀಲ್ ಟಿಫಿನ್ ಮುಚ್ಚಳ ಸಿಕ್ಕಿತು! ದಂಬೆ ಹೊಸದು ಹಾಕಿಸಿದೆ. ಹಾಸಿಗೆಗಳು ಹೋದವು, ವಾಸನೆಯೂ ಮುಕ್ಕಾಲು ಹೋಯಿತು.

ಒಂದು ಪ್ರಶ್ನೆ. ಪಂಪ್ ಶೆಡ್ಡಿನ ಒಳಗೋಡೆಯಲ್ಲಿ ಅಪ್ಪ ಪ್ರತಿ ವರ್ಷ ಮೇ ತಿಂಗಳಲ್ಲಿ ಬಾವಿಯ ನೀರು ಎಷ್ಟು ಅಡಿ ಅಂತ ಇದ್ದಲಿನಿಂದ ಬರೆದಿದ್ದಾರೆ. 1991ರಿಂದ ಉಂಟು. 2019ರಲ್ಲಿ "2½ ಅಡಿ", ಅದರ ಕೆಳಗೆ ಎರಡು ಗೆರೆ. ಗೋಡೆ ತುಂಬಾ ಗಲೀಜು ಕಾಣುತ್ತದೆ. ಅಕ್ಟೋಬರಿನಲ್ಲಿ ಪೇಂಟರ್ ಬಂದಾಗ ಇದರ ಮೇಲೆ ಹೊಡೆಸುವುದಾ?

ಹುಡುಕಿ ಸುಸ್ತು | 2:13

ಮುಟ್ಟಬೇಡಿ!!

ಸೆಂಟ್ಸ್ ಲೆಕ್ಕ | 2:20

ಇಪ್ಪತ್ತು ವರ್ಷದ ಬ್ರೋಕರ್ ಕೆಲಸದಲ್ಲಿ ಇಂಥದ್ದು ನನಗೆ ಒಮ್ಮೆಯೂ ಸಿಕ್ಕಿಲ್ಲ. ಬೇಕಾದರೆ ಅಲ್ಲಿಗೆ ಒಂದು ಲೈಟ್ ಹಾಕಿಸಿ.

ಕಪ್ಪು ಕೋಟು | 2:34

2½ ಅಡಿ ಅಂತ ಅವರೇ ಬರೆದಿಟ್ಟಿದ್ದಾರೆ, ಬತ್ತಿಲ್ಲ ಅಂತ ಬಾಯಲ್ಲಿ ಹೇಳುವುದಕ್ಕಿಂತ ಇದು ವಾಸಿ.

ಬಾವಿಕಟ್ಟೆ | ನವೆಂಬರ್ 16, ರಾತ್ರಿ 8:44

ಮೊನ್ನೆ ಟೋಕನ್ ಆಯಿತು. ಪೇಂಟ್ ಮುಂದಿನ ಎರಡು ಕೋಣೆಗೆ ಮತ್ತು ಸಿಟೌಟಿಗೆ ಮಾತ್ರ ಹೊಡೆಸಿದೆ, 38 ಸಾವಿರ. ಉತ್ತರದ ಗೋಡೆ ಹಾಗೇ ಬಿಟ್ಟು, ತೆಗೆದ ಮಣ್ಣಿನ ಫೋಟೋ, ಹೊಸ ದಂಬೆ ಎರಡನ್ನೂ ತೋರಿಸಿ ಇದ್ದದ್ದು ಇದ್ದ ಹಾಗೆ ಹೇಳಿದೆ. ನೆಲಕ್ಕೆ ಎರಡು ಹನಿ ಎಣ್ಣೆ. ಹಲಸಿನ ಆ ಒಂದು ಕೊಂಬೆ ಕಡಿಸಿದೆ.

ಏಳು ಮಂದಿ ನೋಡಿದರು. ಇಬ್ಬರು ಬಿಲ್ಡರ್ ಕಡೆಯವರು, ಗೇಟಿನಿಂದಲೇ ಅಳತೆ ಹಾಕಿ ಹೋದರು, ಅಣ್ಣ ಹೇಳಿದ್ದೂ ಸುಳ್ಳಲ್ಲ. ತಗೊಂಡವರು ಪುತ್ತೂರು ಕಡೆಯವರು, ಜೊತೆಗೆ ವಯಸ್ಸಾದ ಅಪ್ಪ ಇದ್ದರು. ಅವರು ಕೋಣೆಗಳನ್ನು ಎರಡು ನಿಮಿಷದಲ್ಲಿ ನೋಡಿ ಮುಗಿಸಿದರು. ಪಂಪ್ ಶೆಡ್ಡಿನಲ್ಲಿ ಕನ್ನಡಕ ಹಾಕಿಕೊಂಡು ಕಾಲು ಗಂಟೆ ನಿಂತರು. 1991ರಿಂದ ಒಂದೊಂದೇ ಓದಿದರು. ಕೊನೆಯ ಎರಡು ವರ್ಷ ಖಾಲಿ ಇದ್ದದ್ದು ನೋಡಿ "ಇದು ಯಾಕೆ ಇಲ್ಲ?" ಅಂತ ಕೇಳಿದರು. ಹೇಳಿದೆ.

ಬ್ರೋಕರ್ ಹೇಳಿದ ಐದು ಲಕ್ಷ ಜಾಸ್ತಿ ಸಿಗಲಿಲ್ಲ. ನಾವು ಹೇಳಿದ ಬೆಲೆಯಲ್ಲಿ ಒಂದೂವರೆ ಇಳಿಸಿ ಮುಗಿಸಿದೆವು. ಇ-ಖಾತಾ ಕಳೆದ ವಾರ ಕೈಗೆ ಬಂತು, ರಿಜಿಸ್ಟ್ರೇಷನ್ ಜನವರಿಗೆ.

ಗೋಳಿಬಜೆ ಪ್ಲೇಟು | 8:50

ಅಭಿನಂದನೆ! ಪಾರ್ಟಿ ಎಲ್ಲಿ?

ಅಂಬಲಪಾಡಿ ಅಜ್ಜಿ | 9:05

ಒಳ್ಳೆಯದಾಯಿತು ಮಗಾ. ಅಮ್ಮನನ್ನು ಒಮ್ಮೆ ಕರೆದುಕೊಂಡು ಬಂದು ಹೋಗು. ಮತ್ತೆ ಅದು ಬಕ್ಕೆಯಾ ತುಳುವನಾ ಅಂತ ನೀನು ಹೇಳಲೇ ಇಲ್ಲ.

ಬಾವಿಕಟ್ಟೆ | 9:07

ಬಕ್ಕೆ ಅಜ್ಜಿ. ಮೇ ತಿಂಗಳಲ್ಲಿ ಎರಡು ಹಣ್ಣು ನಮಗೆ ಅಂತ ಮಾತಾಡಿಯೇ ಟೋಕನ್ ತಗೊಂಡದ್ದು.